ಬಸ್ಸು ತಿರುಗುವ ಜಾಗ

ನಮ್ಮೂರಿಗೆ ಬಸ್ಸು ಬರುತ್ತಿರಲಿಲ್ಲ. ಹೊಸನಗರದಿಂದ ಕೋಣಂದೂರಿನ ಕಡೆಗೆ ಹೋಗುವ ಬಸ್ಸು ನಮ್ಮನ್ನು ಕ್ರಾಸಿನಲ್ಲಿ ಇಳಿಸಿ ಮುಂದೆ ಹೋಗುತ್ತಿತ್ತು. ಅಲ್ಲಿಂದ ಮೂರು ಕಿಲೋಮೀಟರು ನಡಿಗೆ. ಕಾಲೇಜಿಗೆ ಹೋಗುವವರು ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು. ಹುಡುಗಿಯರಾದರೆ ಜೊತೆಗೆ ಯಾರಾದರೂ ಇರಲೇಬೇಕು. ಜೊತೆ ಸಿಗದ ದಿನ ರಜೆ. ನನಗಿಂತ ಒಂದು ವರ್ಷ ಮುಂದಿದ್ದ ಇಬ್ಬರು ಹೀಗೆ ರಜೆ ಹಾಕಿ ಹಾಕಿ ಕೊನೆಗೆ ಕಾಲೇಜನ್ನೇ ಬಿಟ್ಟರು.

ನಾನು ಪಿಯುಸಿ ಸೇರಿದ ವರ್ಷ ಊರಿನಲ್ಲಿ ಯುವ ಮಂಡಳಿ ಶುರುವಾಯಿತು. ಶುರುಮಾಡಿದವರು ಸಾಗರದಿಂದ ಬರುತ್ತಿದ್ದ ಒಬ್ಬ ಅಕ್ಕ. ಯಾವುದೋ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ, ಕ್ರಾಸಿನಿಂದ ನಮ್ಮ ಹಾಗೆಯೇ ನಡೆದು, ಮೂರು ಗಂಟೆಗೆ ಸರಿಯಾಗಿ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಎಂಟು ಹುಡುಗಿಯರು, ಆರು ಹುಡುಗರು ಇದ್ದೆವು. ಹುಡುಗ ಹುಡುಗಿಯರು ಒಂದೇ ಕೋಣೆಯಲ್ಲಿ ಕೂರುವುದು ಎಂದರೆ ಊರಿನಲ್ಲಿ ಗುಸುಗುಸು ಇದ್ದದ್ದೇ. ಮೊದಲ ತಿಂಗಳು ನನ್ನ ಅಮ್ಮ ಏನಾದರೂ ನೆಪ ಹೇಳಿಕೊಂಡು ಶಾಲೆಯ ಕಿಟಕಿಯಲ್ಲಿ ಇಣುಕಿ ಹೋಗುತ್ತಿದ್ದಳು. ಒಳಗೆ ನಾವು ಮಾಡುತ್ತಿದ್ದುದು ಇಷ್ಟೇ: ಚೀಟಿ ಎತ್ತುವುದು, ಅದರಲ್ಲಿ ಬಂದ ವಿಷಯದ ಮೇಲೆ ಎದ್ದು ನಿಂತು ಮೂರು ನಿಮಿಷ ಮಾತಾಡುವುದು, ಯಾರೂ ನಗದೆ ಕೇಳುವುದು.

ಆ ಮೂರು ನಿಮಿಷಗಳಲ್ಲಿ ನಾನು ರಾಣಿ. ಯಾವ ಚೀಟಿ ಬಂದರೂ ಮಾತಾಡುತ್ತಿದ್ದೆ. ನನ್ನ ಗೆಳತಿಗೆ ಮಾತ್ರ ಎದ್ದು ನಿಂತರೆ ಬೆವರು. ಅವಳು ನಮ್ಮ ಪಕ್ಕದ ಮನೆಯವಳು, ನನಗಿಂತ ಎರಡು ವರ್ಷ ದೊಡ್ಡವಳು. ಅವಳ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಒಂದು ಕೈ ಒಂದು ಕಾಲು ಬಿದ್ದುಹೋಗಿತ್ತು. ಮನೆಯ ಕೆಲಸ, ಕೊಟ್ಟಿಗೆ ಕೆಲಸ ಎಲ್ಲ ಇವಳ ಮೇಲೆ. ಪಿಯುಸಿಯಲ್ಲಿ ಇಂಗ್ಲಿಷ್ ಒಂದು ಫೇಲಾಗಿ ಉಳಿದುಕೊಂಡಿತ್ತು. ಮಂಡಳಿಯಲ್ಲಿ ಎದ್ದು ನಿಂತು "ನಂಗೆ ಎಂತ ಹೇಳದು ಗೊತ್ತಾಗ್ತಿಲ್ಲ" ಎಂದು ಹೇಳಿ ಕೂತುಬಿಡುತ್ತಿದ್ದಳು.

ವರ್ಷ ತುಂಬಿದಾಗ ಅಕ್ಕ, ಅಧ್ಯಕ್ಷರನ್ನು ಆರಿಸಿಕೊಳ್ಳಿ ಅಂದರು. ಮಡಚಿದ ಕಾಗದದಲ್ಲಿ ಹೆಸರು ಬರೆದು ಹಾಕುವುದು. ನಾನೇ ಆಗುತ್ತೇನೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹಿಂದಿನ ದಿನ ಕನ್ನಡಿಯ ಮುಂದೆ ನಿಂತು ಧನ್ಯವಾದದ ಮಾತು ಕೂಡ ಅಭ್ಯಾಸ ಮಾಡಿದ್ದೆ. ಕಾಗದ ಬಿಚ್ಚಿದಾಗ ಒಂಬತ್ತರಲ್ಲಿ ನನ್ನ ಗೆಳತಿಯ ಹೆಸರಿತ್ತು. ಅವಳ ಮುಖ ಬಿಳಿಚಿಹೋಯಿತು. "ನಂಗೆ ಬೇಡ ಅಕ್ಕಾ, ನಂಗೆ ಮಾತಾಡಕ್ಕೆ ಬರಲ್ಲ" ಎಂದು ಅತ್ತೇಬಿಟ್ಟಳು. ನಾನು ಚಪ್ಪಾಳೆ ತಟ್ಟಿದೆ. ಮನೆಗೆ ಹೋಗಿ ಊಟ ಮಾಡದೆ ಮಲಗಿದೆ.

ಬಸ್ಸು ತರಿಸಬೇಕು ಎಂದು ಮಂಡಳಿ ತೀರ್ಮಾನಿಸಿದ್ದು ಅದಾದ ಮೇಲೆ. ಹೊಸನಗರದ ಬಸ್‌ಸ್ಟ್ಯಾಂಡಿಗೆ ಅವಳೂ ಸೇರಿ ನಾಲ್ವರು ಹೋದೆವು. ಮಾತು ನನ್ನದು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಖಾಸಗಿ ಬಸ್ಸಿನವರ ಏಜೆಂಟರು ಒಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಗ್ರಾಮೀಣ ಹೆಣ್ಣುಮಕ್ಕಳ ಶಿಕ್ಷಣ, ಹಳ್ಳಿಗಳ ಪ್ರಗತಿ ಎಂದೆಲ್ಲ ನಾನು ಚೆನ್ನಾಗಿಯೇ ಮಾತಾಡಿದೆ. ಅವರು ಕೊನೆಯವರೆಗೂ ಕೇಳಿ ಹೇಳಿದರು:

"ಭಾಷಣ ಚೆನ್ನಾಗಿದೆ ತಂಗಿ. ಬಸ್ ತಿರುಗ್ಸದು ಎಲ್ಲಿ?"

ನಮ್ಮೂರಿನ ರಸ್ತೆ ಶಾಲೆಯ ಹತ್ತಿರ ಬಂದು ಮುಗಿಯುತ್ತದೆ. ಒಂದು ಕಡೆ ಆಳೆತ್ತರದ ಮಣ್ಣಿನ ದರೆ, ಇನ್ನೊಂದು ಕಡೆ ಗದ್ದೆ. ಬಂದ ಬಸ್ಸು ತಿರುಗಬೇಕಾದರೆ ಜಾಗವೇ ಇಲ್ಲ. ನಾನು ಮುಖ ಕೆಂಪಗೆ ಮಾಡಿಕೊಂಡು ಹೊರಟೆ. ಅವಳು ಹೊರಡಲಿಲ್ಲ. ಪಕ್ಕದಲ್ಲಿ ಎಲೆಯಡಿಕೆ ಹಾಕುತ್ತಾ ನಿಂತಿದ್ದ ಡ್ರೈವರನ್ನು ಕೇಳಿದಳು:

"ಅಣ್ಣಾ, ತಿರುಗ್ಸಕ್ಕೆ ಎಷ್ಟು ಜಾಗ ಬೇಕು?"

"ಎಷ್ಟು ಅಂದ್ರೆ... ಮೂತಿ ಆ ಕಡೆ ಹಾಕಿ, ಒಂದ್ಸಲ ರಿವರ್ಸ್ ತಗೊಂಡ್ರೆ ಆಯ್ತು. ಬಾ ತೋರಿಸ್ತೀನಿ."

ಅವರು ನಿಂತಿದ್ದ ಬಸ್ಸಿನ ಸುತ್ತ ಹೆಜ್ಜೆ ಹಾಕಿ ತೋರಿಸಿದರು. ಅವಳು ಎದುರಿನ ಅಂಗಡಿಯಿಂದ ಹಗ್ಗ ತಂದು ಬಸ್ಸಿನ ಉದ್ದಕ್ಕೊಂದು ಗಂಟು, ಅಗಲಕ್ಕೊಂದು ಗಂಟು, ತಿರುಗುವ ಜಾಗಕ್ಕೊಂದು ಗಂಟು ಹಾಕಿಕೊಂಡಳು. ಜನ ನೋಡುತ್ತಿದ್ದರು. ಯಾರು ನೋಡುತ್ತಿದ್ದಾರೆ ಎನ್ನುವುದು ಅವಳಿಗೆ ಗೊತ್ತೇ ಆಗಲಿಲ್ಲ. ಅಷ್ಟರಲ್ಲಿ ಏಜೆಂಟರೂ ಎದ್ದು ಬಂದರು. "ಜಾಗ ಮಾಡಿ ತೋರಿಸಿ, ಓನರ್ ಹತ್ರ ನಾನು ಮಾತಾಡ್ತೀನಿ" ಅಂದರು.

ಊರಿಗೆ ಬಂದು ಹಗ್ಗ ಹಾಸಿದೆವು. ಎಲ್ಲಿ ಹಾಸಿದರೂ ಅದು ದರೆಯೊಳಗೆ ಹೋಗುತ್ತಿತ್ತು. ದರೆ ಊರಿನ ಗೌಡರದ್ದು. ಅಲ್ಲಿ ತೊಡಕಿತ್ತು. ನನ್ನ ಅಜ್ಜ, ಅವಳ ಅಜ್ಜ ಇಬ್ಬರೂ ಆ ಮನೆಯ ಗೇಣಿ ಮಾಡಿದವರು. ಭೂಸುಧಾರಣೆಯಲ್ಲಿ ಜಮೀನು ನಮ್ಮ ಹೆಸರಿಗೆ ಬಂದ ಮೇಲೆ ಎರಡು ಕಡೆಗೂ ಮಾತು ಅಷ್ಟಕ್ಕಷ್ಟೇ. ನನ್ನ ಅಪ್ಪ ಆ ಮನೆಯ ಅಂಗಳಕ್ಕೆ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. "ಅವರ ಹತ್ರ ಕೇಳಕ್ಕೆ ಹೋಗ್ತೀರಾ? ನಡೆದುಕೊಂಡೇ ಹೋಗಿ ಕಾಲೇಜಿಗೆ" ಎಂದು ಅಪ್ಪ ಸಿಡುಕಿದರು.

ಆದರೂ ಹೋದೆವು. ಅವಳು, ನಾನು. ಗೌಡರು ಜಗಲಿಯ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ವಯಸ್ಸು. ನಾವು ಕೆಳಗೇ ನಿಂತೆವು. ಅವರು ನಮ್ಮನ್ನು ಸ್ವಲ್ಪ ಹೊತ್ತು ನೋಡಿದರು.

"ನಿಮ್ಮಜ್ಜಂದಿರು ಅಲ್ಲೇ ನಿಂತು ಮಾತಾಡ್ತಿದ್ರು. ನೀವು ಮೇಲೆ ಬಂದು ಕೂತ್ಕಳಿ" ಅಂದರು.

ಜಾಗದ ಮಾತು ಎತ್ತಿದ ಕೂಡಲೇ ತಲೆ ಅಲ್ಲಾಡಿಸಿದರು. ಕೊಡುವುದಕ್ಕೆ ಮನಸ್ಸಿಲ್ಲ ಎಂದಲ್ಲ, ದರೆ ಕಡಿದರೆ ಮಳೆಗಾಲಕ್ಕೆ ಮೇಲಿನ ಮಣ್ಣೆಲ್ಲ ಕುಸಿದು ಬರುತ್ತದೆ ಎಂಬುದು ಅವರ ಹೆದರಿಕೆ. ನಾನು ವಾದ ಮಾಡಲು ಬಾಯಿ ತೆರೆದೆ. ಅವಳು ನನ್ನ ಕೈ ಒತ್ತಿ ಹಿಡಿದಳು.

"ಕುಸೀದೆ ಇರೋ ಹಾಗೆ ಕಡಿಯದು ಹೆಂಗೆ ಗೌಡ್ರೆ? ನಮಗೆ ಗೊತ್ತಿಲ್ಲ. ನೀವೇ ನಿಂತು ಹೇಳಿದ್ರೆ ಹಂಗೇ ಮಾಡ್ತೀವಿ."

ಗೌಡರು ಎದ್ದು ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ಅವರು ಹೊರಗೆ ಬಂದದ್ದು ಕೊಡೆ ಹಿಡಿದುಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು. "ನಡೀರಿ, ಎಲ್ಲಿವರೆಗೆ ಬರುತ್ತೆ ಅಂತ ನೋಡನ" ಅಂದರು.

ಎಂಟು ಭಾನುವಾರ ಕಡಿದೆವು. ಗೌಡರು ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತು, ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ ಎಂದು ಹೇಳಿಕೊಡುತ್ತಿದ್ದರು. ಹುಡುಗರು ಕಡಿದರು, ನಾವು ಬುಟ್ಟಿಯಲ್ಲಿ ಮಣ್ಣು ಹೊತ್ತು ರಸ್ತೆಯ ಗುಂಡಿಗೆ ಹಾಕಿದೆವು. ಮೂರನೇ ಭಾನುವಾರದ ಹೊತ್ತಿಗೆ ಊರಿನವರೂ ಒಬ್ಬೊಬ್ಬರೇ ಗುದ್ದಲಿ ಹಿಡಿದು ಬಂದರು. ಐದನೇ ಭಾನುವಾರ ನನ್ನ ಅಪ್ಪ ಬಂದರು. ಗೌಡರ ಹತ್ತಿರ ಮಾತಾಡಲಿಲ್ಲ. ಅವರು ತೋರಿಸಿದ ಕಡೆ ಕಡಿದರು, ಅಷ್ಟೆ. ಮಧ್ಯಾಹ್ನ ಗೌಡರ ಮನೆಯಿಂದ ಮಜ್ಜಿಗೆ ಬಂದಾಗ ಅಪ್ಪ ಲೋಟ ತೆಗೆದುಕೊಂಡು ಕುಡಿದದ್ದನ್ನು ನಾನೂ ಅಮ್ಮನೂ ದೂರದಿಂದ ನೋಡಿದೆವು.

ಬಸ್ಸು ಮೊದಲು ಬಂದ ಬೆಳಿಗ್ಗೆ ಊರಿನವರೆಲ್ಲ ಶಾಲೆಯ ಹತ್ತಿರ ಸೇರಿದ್ದರು. ಡ್ರೈವರ್ ಅದೇ ಎಲೆಯಡಿಕೆಯ ಅಣ್ಣ. ಒಂದೇ ರಿವರ್ಸ್‌ನಲ್ಲಿ ಬಸ್ಸು ತಿರುಗಿ ನಿಂತಾಗ ಹೆಂಗಸರು ಕೂಗಿದ ಕೂಗು ಈಗಲೂ ಕಿವಿಯಲ್ಲಿದೆ. ಮಂಡಳಿಯವರೆಲ್ಲ ಹತ್ತಿ ಹೊಸನಗರಕ್ಕೆ ಹೋದೆವು. ಅವಳು ಹತ್ತಲಿಲ್ಲ. ಅಮ್ಮನಿಗೆ ಗಂಜಿ ಕುಡಿಸುವ ಹೊತ್ತು. ಕಿಟಕಿಯ ಹತ್ತಿರ ಬಂದು ತಿಂಡಿಯ ಕ್ಯಾರಿಯರ್ ಒಳಗೆ ಕೊಟ್ಟು, "ನೀವು ಹೋಗಿ ಬನ್ರೆ, ಕ್ಯಾರಿಯರ್ ಜೋಪಾನ" ಅಂದಳು. ನಾನು ಕೈಬೀಸಿದೆ. ನನಗೆ ಕಿಟಕಿಯ ಸೀಟು ಸಿಕ್ಕಿತ್ತು.

ಆ ಬಸ್ಸು ನಮ್ಮನ್ನು ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ತಂದುಬಿಡುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಒಬ್ಬೊಬ್ಬರಾಗಿ ಸಂಜೆ ಬರುವುದು ನಿಂತಿತು. ಒಬ್ಬ ತೀರ್ಥಹಳ್ಳಿಯಲ್ಲಿ ಗ್ಯಾರೇಜು ಸೇರಿದ. ಒಬ್ಬಳು ನರ್ಸಿಂಗಿಗೆ ಹೋದಳು. ಇಬ್ಬರಿಗೆ ಮದುವೆಯಾಯಿತು. ಸಾಗರದ ಅಕ್ಕನ ಸಂಸ್ಥೆಯ ಯೋಜನೆ ಮುಗಿದು ಅವರು ಬರುವುದೂ ನಿಂತಿತು. ಭಾನುವಾರ ಹದಿನಾಲ್ಕು ಜನ ಕೂರುತ್ತಿದ್ದ ಕೋಣೆಯಲ್ಲಿ ಐದು ಜನ, ಆಮೇಲೆ ಮೂರು.

ಆ ದಿನಗಳಲ್ಲೇ ಅವಳು ಒಮ್ಮೆ ಕೇಳಿದಳು, "ಇಂಗ್ಲಿಷ್ ಒಂದು ಕಟ್ತೀನಿ ಕಣೆ ಈ ಸಲ. ಮೀಟಿಂಗಿಗೆ ಒಂದು ಗಂಟೆ ಮುಂಚೆ ಬಂದು ಹೇಳ್ಕೊಡ್ತೀಯಾ?" ಅವಳು ನನ್ನನ್ನು ಏನಾದರೂ ಕೇಳಿದ್ದು ಅದೊಂದೇ. ಹೂಂ ಅಂದೆ. ಮೂರು ಭಾನುವಾರ ಹೋದೆ. ನಾಲ್ಕನೆಯದಕ್ಕೆ ನೆಂಟರ ಮನೆ, ಐದನೆಯದಕ್ಕೆ ತಲೆನೋವು. ಆಮೇಲೆ ನಾನು ಶಿವಮೊಗ್ಗಕ್ಕೆ ಓದಲು ಹೋದೆ. ಅವಳು ಪರೀಕ್ಷೆ ಕಟ್ಟಲಿಲ್ಲ ಎಂದು ಅಮ್ಮ ಫೋನಿನಲ್ಲಿ ಹೇಳಿದಳು.

ಈಗ ನಾನು ಸಾಗರದಲ್ಲಿ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದೇನೆ. ಭಾನುವಾರ ಮಧ್ಯಾಹ್ನ ಊಟವಾಗಿ ಗಂಡ, ಮಗಳು ಮಲಗುತ್ತಾರೆ. ನನಗೆ ನಿದ್ದೆ ಬರುವುದಿಲ್ಲ. ಎಲ್ಲಿಗೋ ಹೊರಡಬೇಕಿತ್ತು, ಯಾರೋ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಇಷ್ಟು ವರ್ಷಗಳ ಮೇಲೂ ಒಂದು ಕೋಣೆಗೆ, ಭಾನುವಾರದ ಆ ಹೊತ್ತಿಗೆ ಹೀಗೆ ಮನಸ್ಸು ಹಾತೊರೆಯುತ್ತದೆ ಎಂದು ಯಾರಿಗೆ ಹೇಳುವುದು?

ಹೋದ ಬೇಸಿಗೆಯಲ್ಲಿ ಗೆಳತಿಯ ಮನೆಗೆ ಹೋದೆ. ಅವಳ ಅಮ್ಮ ತೀರಿಕೊಂಡ ಮೇಲೆ ಅವಳಿಗೆ ಕೋಣಂದೂರಿನ ಹತ್ತಿರ ಮದುವೆಯಾಗಿತ್ತು. ಹದಿನಾಲ್ಕು ವರ್ಷಗಳಲ್ಲಿ ನಾವು ಮದುವೆಮನೆಗಳಲ್ಲಿ ಎರಡೋ ಮೂರೋ ಸಲ ಸಿಕ್ಕಿದ್ದೆವು. ದಪ್ಪಗಾಗಿದ್ದಳು. ಒಂದೇ ಸಮ ಮಾತಾಡಿದಳು. ನನಗೇ ಮಾತು ಸಿಗುತ್ತಿರಲಿಲ್ಲ. ಹಲಸಿನ ಹಪ್ಪಳ ಹಾಕಲು ಹಿಂದಿನ ಅಂಗಳಕ್ಕೆ ಹೋದಾಗ ನಾನೂ ಹಿಂದೆ ಹೋದೆ. ಕೂತು ಹಪ್ಪಳ ಹರವುತ್ತಾ, ತಡೆಯಲಾರದೆ ಹೇಳಿಬಿಟ್ಟೆ. ಅಧ್ಯಕ್ಷರ ಆಯ್ಕೆಯ ದಿನ ನನ್ನ ಕಾಗದದಲ್ಲಿ ನಾನು ನನ್ನ ಹೆಸರನ್ನೇ ಬರೆದಿದ್ದೆ ಎಂದೆ. ಇಂಗ್ಲಿಷಿನ ವಿಷಯವನ್ನೂ ಹೇಳಿದೆ. ತಲೆನೋವು ಸುಳ್ಳು ಎಂದೆ.

ಅವಳು ಕೈ ನಿಲ್ಲಿಸದೆ ನಕ್ಕಳು. "ನಿನ್ನ ಅಕ್ಷರ ನಂಗೆ ಗೊತ್ತಿಲ್ವನೆ? ಕಾಗದ ಬಿಚ್ಚಿದಾಗಲೇ ಗೊತ್ತಾಯ್ತು."

"ಇಂಗ್ಲಿಷು?"

ಅವಳು ಒಂದು ಹಪ್ಪಳ ತಿರುವಿ ಹಾಕಿದಳು. "ಅದಕ್ಕೆ ಬೇಜಾರಾಗಿತ್ತು. ಸುಳ್ಳು ಯಾಕೆ ಹೇಳಲಿ. ಪುಸ್ತಕ ತೆಗೆದಿಟ್ಕೊಂಡು ಶಾಲೆ ಮೆಟ್ಟಿಲ ಮೇಲೆ ಕೂತಿರ್ತಿದ್ದೆ." ಮತ್ತೆ ಹೇಳಿದಳು, "ಈಗ ನೆನಪಾಗದು ಅದಲ್ಲ ಮಾರಾಯ್ತಿ. ಮೀಟಿಂಗ್ ಮುಗಿದ ಮೇಲೂ ಯಾರೂ ಮನೆಗೆ ಹೋಗ್ತಿರ್ಲಿಲ್ಲ ನೋಡು. ಎಂತಕ್ಕೆ ನಗ್ತಿದ್ವಿ ಅಂತ್ಲೇ ಗೊತ್ತಿಲ್ಲ. ಅಷ್ಟು ಹೊತ್ತು ಸುಮ್ನೆ ಕೂತಿದ್ದು ನಾನು ಆಮೇಲೆ ಯಾವತ್ತೂ ಇಲ್ಲ."

ಒಳಗಿನಿಂದ ಅವಳ ಅತ್ತೆ ಕರೆದರು. ಎದ್ದು ಹೋಗುವಾಗ, "ಎಲ್ಲರನ್ನೂ ಒಂದ್ಸಲ ಸೇರ್ಸನ ಕಣೆ. ಗ್ರೂಪಲ್ಲಿ ನೀನೇ ಹಾಕು, ನೀನು ಚೆನ್ನಾಗಿ ಬರೀತೀಯ" ಅಂದಳು.

ಮಂಡಳಿಯ ಹೆಸರಿನಲ್ಲಿ ಒಂದು ವಾಟ್ಸಾಪ್ ಗ್ರೂಪ್ ಇದೆ. ಹಬ್ಬದ ಶುಭಾಶಯ ಬಿಟ್ಟರೆ ಅದರಲ್ಲಿ ಏನೂ ಬರುವುದಿಲ್ಲ. ಅವತ್ತು ಸಾಗರಕ್ಕೆ ಬಂದವಳೇ ಬರೆದು ಹಾಕಿದೆ. ನಾಲ್ಕು ಜನ ಹೆಬ್ಬೆರಳು ಎತ್ತಿದರು. ತೀರ್ಥಹಳ್ಳಿಯ ಗ್ಯಾರೇಜಿನವನು "ಮಳೆಗಾಲ ಮುಗೀಲಿ" ಎಂದ. ನರ್ಸ್ ಆದವಳು, ರಜೆ ನೋಡಿ ಹೇಳುತ್ತೇನೆ ಎಂದಳು. ಉಳಿದವರು ಓದಿದ್ದಾರೆ. ಮಳೆಗಾಲ ಮುಗಿದಿದೆ. ದಿನ ಇನ್ನೂ ಗೊತ್ತಾಗಿಲ್ಲ. ಈ ಭಾನುವಾರ ಮತ್ತೆ ಕೇಳಬೇಕು.