ಚೀಟಿಯಕ್ಕ ಬರೆದ ಫಲಕ

ಶಾಲೆಯ ಪತ್ರ ಬರೆಯುವವರ ನಮ್ಮ ಸಂಘಕ್ಕೆ ಒಂದು ವಿಚಿತ್ರ ನಿಯಮವಿದೆ. ಶಾಲೆಯಿಂದ ಮನೆಗೆ ಹೋಗುವ ಯಾವ ಪತ್ರದಲ್ಲೂ ‘ಎಲ್ಲ ಮಕ್ಕಳು’ ಎಂದು ಬರೆಯುವಂತಿಲ್ಲ. ಎಷ್ಟು ಮಕ್ಕಳು, ಯಾರು ಎಣಿಸಿದರು, ಹೇಗೆ ಎಣಿಸಿದರು ಎಂದು ಬರೆಯಬೇಕು. ಹೊಸದಾಗಿ ಸೇರಿದವರು ಇದನ್ನು ಓದಿ ನಗುತ್ತಾರೆ. ನಾನೂ ನಕ್ಕಿದ್ದೆ. ಚೀಟಿಯಕ್ಕ ಕನ್ನಡಕದ ಮೇಲಿಂದ ನೋಡಿ, “ನಕ್ಕು ಮುಗೀತಾ? ಈಗ ಬರಿ” ಅಂದಿದ್ದರು.

ಸಂಘ ಕಟ್ಟಿದವರೇ ಅವರು; ಮನೆಗಳಿಗೆ ಚೀಟಿ ಬರೆದು ಬರೆದು ಆ ಹೆಸರು ಬಂದಿತ್ತು. ಪ್ರತಿ ಶಾಲೆಯಲ್ಲೂ ನಮ್ಮಂಥವರು ಒಬ್ಬರಿರುತ್ತಾರೆ. ರಜೆಯ ಸೂಚನೆ, ಪೋಷಕರ ಸಭೆಯ ಕರೆ, ಹೇನಿನ ಕಾಟದ ಎಚ್ಚರಿಕೆ, ಎಲ್ಲ ಬರೆಯುವುದು ನಾವೇ. ಶಿಕ್ಷಕರು ನಮ್ಮನ್ನು ಕಚೇರಿಯವರು ಅನ್ನುತ್ತಾರೆ, ಕಚೇರಿಯವರು ಶಿಕ್ಷಕರ ಕಡೆಯವರು ಅನ್ನುತ್ತಾರೆ. ಅಕ್ಕನಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಜಾಗ. ತಲೆ ಎತ್ತಿದರೆ ಹಲಗೆ ತಾಗುತ್ತಿತ್ತು. “ತಗ್ಗಿ ಬಗ್ಗಿ ನಡೆಯೋದು ಇಲ್ಲೇ ಕಲಿತೆ” ಎಂದು ನಗುತ್ತಿದ್ದರು. ಸುಳ್ಳು! ಅವರು ಯಾರಿಗೂ ಬಗ್ಗಿದವರಲ್ಲ.

ನಲವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಶಾಲೆಯ ಹಿಂದಿನ ಗೋಡೆ ಕುಸಿಯಿತು. ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸಿ ಅಕ್ಕ ಎರಡು ಸಲ ಎಣಿಸಿದರು. ಮುನ್ನೂರ ಹನ್ನೆರಡು. ಹಾಜರಿ ಪುಸ್ತಕದಲ್ಲೂ ಮುನ್ನೂರ ಹನ್ನೆರಡು. ಗೇಟಿನ ಕಪ್ಪು ಹಲಗೆಯ ಮೇಲೆ ‘ಎಲ್ಲ ಮಕ್ಕಳೂ ಕ್ಷೇಮ’ ಎಂದು ದೊಡ್ಡದಾಗಿ ಬರೆದರು. ಆದರೆ ಆ ದಿನ ಹಾಜರಿ ಹಾಕಿದ ಮೇಲೆ ಒಬ್ಬ ಹುಡುಗಿ ತಡವಾಗಿ ಬಂದಿದ್ದಳು. ಪುಸ್ತಕದಲ್ಲಿ ಅವಳ ಹಾಜರಿ ಬಿದ್ದಿರಲಿಲ್ಲ. ಅವಳು ಮೈದಾನದಲ್ಲೂ ಇರಲಿಲ್ಲ. ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವರೊಬ್ಬರು ಗೋಡೆಯಡಿ ಸಿಕ್ಕಿದ್ದ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದರು.

ತಾಯಿ ಬಟ್ಟೆ ಹೊಲಿಯುವ ಕಾರ್ಖಾನೆಯಿಂದ ಓಡಿ ಬಂದರು, ಹಲಗೆ ಓದಿದರು, ಉಸಿರು ಬಿಟ್ಟು ಕೆಲಸಕ್ಕೆ ಮರಳಿದರು. ಮಗು ಮಧ್ಯಾಹ್ನ ಮೂರರವರೆಗೆ ಬದುಕಿತ್ತು, ಅಮ್ಮನನ್ನು ಕೇಳುತ್ತಿತ್ತು. ಅಮ್ಮನಿಗೆ ಸುದ್ದಿ ಮುಟ್ಟಿದ್ದು ನಾಲ್ಕೂವರೆಗೆ.

ಹಲಗೆ ಬರೆದವರು ಯಾರೆಂದು ಶಾಲೆ ಹೇಳಲಿಲ್ಲ, ಅಕ್ಕನನ್ನೂ ಹೇಳಲು ಬಿಡಲಿಲ್ಲ. ಆರು ತಿಂಗಳ ಬಳಿಕ ಅವರು ಹನ್ನೆರಡು ಶಾಲೆಗಳ ನಮ್ಮಂಥವರಿಗೆ ಕಾರ್ಡು ಬರೆದು ಗ್ರಂಥಾಲಯದ ಓದುವ ಕೋಣೆಯಲ್ಲಿ ಸೇರಿಸಿದರು. ಸಂಘ ಹುಟ್ಟಿದ್ದು ಹಾಗೆ. ಆವತ್ತು ಎರಡು ನಿಯಮಗಳಾದವು. ಒಂದು ಆಗಲೇ ಹೇಳಿದ್ದು. ಎರಡನೆಯದು, ಯಾರ ವಿಷಯ ಬರೆದಿದ್ದೇವೋ, ಅಚ್ಚಿಗೆ ಹೋಗುವ ಮೊದಲು ಅವರ ಎದುರು ಕೂತು ಓದಿ ಹೇಳಬೇಕು.

ಸಂಘಕ್ಕೆ ನಲವತ್ತಾಯಿತು, ಇತಿಹಾಸ ಬರೆಯುವ ಕೆಲಸ ನನಗೆ ಬಂತು. ಅಕ್ಕ ಆಗ ಹಾಸಿಗೆ ಹಿಡಿದಿದ್ದರು.

“ಮೊದಲನೇ ಪುಟದಲ್ಲಿ ನನ್ನ ತಪ್ಪು ಹಾಕು. ಆಮೇಲೆ ನಿಯಮದ ಪ್ರಕಾರ ಆ ತಾಯಿಗೆ ಓದಿ ಹೇಳ್ಬೇಕಾಗತ್ತೆ. ನಾನೂ ಬರ್ತೀನಿ. ಅವರ ಬೀದಿ ತುದಿವರೆಗೂ ಎಷ್ಟೋ ಸಲ ಹೋಗಿದ್ದೀನಿ ಕಣೋ. ಬಾಗಿಲು ತಟ್ಟೋಕೆ ಕೈ ಬರ್ಲಿಲ್ಲ.”

ಬರೆದು ಸಂಘದ ಅಧ್ಯಕ್ಷರಿಗೆ ತೋರಿಸಿದೆ. “ಮಿಂಚಿ ಹೋದ ಕೆಲಸಕ್ಕೆ ಚಿಂತಿಸಿ ಫಲ ಏನ್ರೀ? ಹಬ್ಬದ ಪುಸ್ತಕದಲ್ಲಿ ಸಾವು ಬೇಡ” ಅಂದರು. ನಾನೊಬ್ಬ ಹೇಡಿ. ‘ಒಂದು ದುರದೃಷ್ಟಕರ ಘಟನೆಯ ಹಿನ್ನೆಲೆಯಲ್ಲಿ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಪುಸ್ತಕ ಅಚ್ಚಾಯಿತು.

ಅಕ್ಕನಿಗೆ ಕಣ್ಣು ಮಂಜಾಗಿತ್ತು, ನಾನೇ ಓದಿದೆ. ಆ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಯಾರಿಗೆ ಏನಾಯ್ತು ಅಂತ ಇದ್ರಲ್ಲಿ ಎಲ್ಲಿದೆ?”

“ಎರಡನೇ ಮುದ್ರಣದಲ್ಲಿ ಹಾಕ್ತೀನಿ ಅಕ್ಕಾ.”

“ಹೂಂ” ಅಂದು ಗೋಡೆಯ ಕಡೆ ತಿರುಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅದಾದ ಹನ್ನೊಂದನೇ ದಿನ ತೀರಿಕೊಂಡರು.

ಮುಂದಿನ ವಾರ ಕೈಬರಹದ ಹಳೆಯ ಪುಟ ಹಿಡಿದು ಆ ತಾಯಿಯ ಮನೆಗೆ ಹೋದೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಮೇಲೆ ಮಡಿಸಿದ ಚಾದರ. ಮುದುಕಿ ಅಲ್ಲಾಡದೆ ಕೂತು ಪೂರ್ತಿ ಕೇಳಿದರು.

“ಬರೆದೋರು ಯಾರು ಅಂತ ಇಷ್ಟು ವರ್ಷ ಕೇಳ್ದೆ, ಒಬ್ರೂ ಹೇಳ್ಲಿಲ್ಲ. ಎಲ್ಲಿದ್ದಾರಪ್ಪಾ ಅವ್ರು?”

“ಹೋದ ವಾರ ಹೋಗ್ಬಿಟ್ರಮ್ಮ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಆವತ್ತೂ ಹೀಗೇ. ಎಲ್ಲ ಮುಗಿದ ಮೇಲೇ ನಂಗೆ ಹೇಳಿದ್ದು.”

ಅಕ್ಕ ಅವರ ಬೀದಿ ತುದಿವರೆಗೂ ಎಷ್ಟೋ ಸಲ ಬಂದು, ಬಾಗಿಲು ತಟ್ಟದೆ ಮರಳಿದ್ದನ್ನು ಹೇಳಿದೆ. ಮುದುಕಿ ಅಂದರು:

“ಬಾಗಿಲು ತಟ್ಟಿದ್ರೆ ಚೆನ್ನಾಗಿ ಬೈತಿದ್ದೆ. ಬೈದು, ಒಳಗೆ ಬಾ ಅಂತಿದ್ದೆ.”