ಎರಡು ಮಾರು ದೂರದ ಊಟ

ಕನ್ನಡಕಧಾರಿಗಳಾದ ನಮ್ಮಂಥವರಿಗೆ ಮುಖಗವುಸು ಒಂದು ಪ್ರತ್ಯೇಕ ಶಿಕ್ಷೆಯೆಂಬುದನ್ನು ಆ ಸೋಂಕಿನ ದಿನಗಳಲ್ಲಿ ನೀವೂ ಉಂಡಿರಬಹುದು: ಉಸಿರೆಲ್ಲ ಮೇಲೇರಿ, ಗಾಜಿಗೆ ಮಬ್ಬು ಕವಿದು, ಜಗತ್ತೆಲ್ಲ ಮಾಯೆಯೆಂಬ ವೇದಾಂತ ಮೂಗಿನ ಮೇಲೆಯೇ ಸಿದ್ಧಿಸಿಬಿಡುತ್ತದೆ. ಸುರಪುರದ ಬಸ್ ನಿಲ್ದಾಣದಲ್ಲಿ ನಾನು ಸವಿನಯವಾಗಿ ನಮಸ್ಕರಿಸಿದ್ದು ಒಂದು ಕಂಬಕ್ಕೆ. ಅದು ಪ್ರತಿವಂದನೆ ಮಾಡಲಿಲ್ಲವೆಂದು ಮುನಿಸಿಕೊಂಡದ್ದೂ ಉಂಟು.

ಅಂದು ಹೊರಟಿದ್ದು ಶಹಾಪುರದ ವೃದ್ಧಾಶ್ರಮಕ್ಕೆ, ಚಿಗವ್ವನನ್ನು ಕಾಣಲು. ತೊಟ್ಟಿಲಲ್ಲೇ ಹೆತ್ತವ್ವನನ್ನು ಕಳೆದುಕೊಂಡ ನನಗೆ ಅವ್ವನ ಈ ತಂಗಿಯೇ ತಾಯಿ. ಮೊಣಕಾಲು ಕೈಕೊಟ್ಟಾಗ, "ನಿನ್ನ ಮನಿ ಮೆಟ್ಟಲಾ ಹತ್ತೂದು ನನ್ನಿಂದ ಆಗಂಗಿಲ್ಲವ್ವ, ಅಲ್ಲಿ ನನ್ನ ಓರಗಿಯವರು ಅದಾರ," ಎಂದು ಗಂಟು ಕಟ್ಟಿಕೊಂಡು ತಾನಾಗಿಯೇ ಹೋದವಳು. ಸೋಂಕು ಬಂದದ್ದೇ ಭೇಟಿಗಳು ನಿಂತವು. ತಿಂಗಳುಗಟ್ಟಲೆ ಮುಚ್ಚಿದ್ದ ಬಾಗಿಲು ತೆರೆದಾಗ ಅಲ್ಲಿನ ಮೇಲ್ವಿಚಾರಕಿ ಶರಣಮ್ಮ ಫೋನಿನಲ್ಲಿ ಮೆಲ್ಲಗೆ ಹೇಳಿದ್ದರು: "ಬರ್ರಿ ಅಕ್ಕಾರ. ಆದ್ರ ಅವ್ವಾರಿಗೆ ಮರವು ಭಾಳ ಆಗೇತಿ. ಗುರ್ತ ಹಿಡೀಲಿಲ್ಲಂದ್ರ ಮನಸ್ಸಿಗೆ ಹಚ್ಕೋಬ್ಯಾಡ್ರಿ." ಹಚ್ಚಿಕೊಳ್ಳದಿರಲು ನಾನೇನು ಗೋಡೆಯೇ? ನನ್ನನ್ನು ಮಗಳೆನ್ನಲು ಈ ಭೂಮಿಯ ಮೇಲೆ ಉಳಿದವಳು ಅವಳೊಬ್ಬಳೇ.

ಅಂಗಳದ ಬೇವಿನ ಮರದಡಿ, ಎರಡು ಮಾರು ಅಂತರದಲ್ಲಿ, ಎರಡು ಕುರ್ಚಿ. ಕೈತೊಳೆದು, ಜ್ವರ ನೋಡಿಸಿಕೊಂಡು, ಮುಖಗವುಸಿನೊಳಗೆ ಅಡಗಿ ಕುಳಿತ ನನ್ನನ್ನು ಕಂಡದ್ದೇ ತಡ, ಚಿಗವ್ವ ಕುಬಸದ ತೋಳು ಮೇಲೇರಿಸಿದಳು.

"ಸೂಜಿ ಹಾಕಾಕ ಬಂದೀರೇನ್ರಿ? ಮೆತ್ತಗ ಚುಚ್ಚರಿ."

ನಗು ಬಂತು, ಅದರ ಬೆನ್ನಿಗೇ ಅಳು. "ಚಿಗವ್ವಾ, ನಾನು ಚಂದಿ!" ಎಂದು ಕೂಗಿದೆ. ಕಾಲೇಜಿನಲ್ಲಿ ಪಾಠ ಹೇಳುತ್ತ ಕಡೆಯ ಬೆಂಚನ್ನೂ ನಡುಗಿಸುತ್ತಿದ್ದೆನೆಂದು ನಾನು ಬೀಗುವ ಈ ಕಂಠ ಬಟ್ಟೆಯೊಳಗೇ ಸಿಕ್ಕಿಕೊಂಡಿತು. ಅವಳ ಕಿವಿಯೂ ಮಂದ. "ಹೌದ್ರಿ, ಹೌದ್ರಿ," ಎಂದು ಪರಕೀಯರಿಗೆ ಸಲ್ಲುವ ಮರ್ಯಾದೆಯಿಂದ ತಲೆಯಾಡಿಸಿ, ತೋಳನ್ನು ಹಾಗೆಯೇ ಚಾಚಿ ಕುಳಿತಳು. ಅಯ್ಯೋ, ಅಷ್ಟು ಮರ್ಯಾದೆಯನ್ನು ಅವಳಿಂದ ನಾನೆಂದೂ ಪಡೆದವಳಲ್ಲ!

ಶರಣಮ್ಮ ನೋಡುತ್ತಿದ್ದರು. "ಊಟದ ಹೊತ್ತಾತ್ರಿ. ನಿಮ್ಮ ಬುತ್ತಿ ನೀವ್ ಬಿಚ್ಚರಿ, ಅವ್ವಾರದು ನಾ ತರ್ತೀನಿ. ಬಯಲಾಗ, ದೂರ ಕುಂತು ಉಣ್ಣೂದಕ್ಕ ಏನೂ ಅಡ್ಡಿಯಿಲ್ಲ. ಉಣ್ಣುವಾಗ ಮಾಸ್ಕ್ ತೆಗೀಬೇಕಲ್ರಿ," ಎಂದು ಕಣ್ಣಲ್ಲೇ ನಕ್ಕರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಮುಖಗವುಸು ಕಳಚಿ, ಜೋಳದ ರೊಟ್ಟಿಗೆ ಪುಂಡಿಪಲ್ಯ ಸುತ್ತಿ ಬಾಯಿಗಿಟ್ಟೆ. ಹೆದರಿಕೆಗೋ ಹಸಿವಿಗೋ, ತುತ್ತು ದೊಡ್ಡದಾಗಿ ಕೆನ್ನೆ ಉಬ್ಬಿತು. ಚಿಗವ್ವ ಉಣ್ಣುವುದನ್ನು ಬಿಟ್ಟು ನೋಡಿದಳು. ಕತ್ತು ಚಾಚಿ ಮತ್ತೆ ನೋಡಿದಳು.

"ಏ ಚಂದೀ! ಸಾವಕಾಶ ತಿನ್ನ! ಯಾರರ ಬೆನ್ನ ಹತ್ಯಾರೇನ ನಿನಗ?"

ಬೈಗುಳ ಇಷ್ಟು ರುಚಿಯಾಗಿರುತ್ತದೆಂದು ಯಾವ ಅಲಂಕಾರಶಾಸ್ತ್ರವೂ ನನಗೆ ಕಲಿಸಿರಲಿಲ್ಲ. ಅವಳು ಎದ್ದೇ ಬರಲಿದ್ದಳು. "ಅಲ್ಲೇ ಕುಂಡ್ರಿ ಅವ್ವಾ," ಎಂದರು ಶರಣಮ್ಮ. ಕುಳಿತಳು. ಕುಳಿತಲ್ಲಿಂದಲೇ ಎರಡೂ ಕೈ ಚಾಚಿ, ಗಾಳಿಯಲ್ಲೇ ನನ್ನ ಮುಖ ಸವರಿ, ತನ್ನ ಕಪಾಲಕ್ಕೆ ಬೆರಳೊತ್ತಿ ಲಟಲಟನೆ ನೆಟಿಕೆ ಮುರಿದು ನನ್ನ ದೃಷ್ಟಿ ತೆಗೆದಳು. ಆಮೇಲೆ ಶರಣಮ್ಮನ ಕಡೆ ತಿರುಗಿದಳು.

"ನನ್ನ ಮಗಳು ಬಂದಾಳವ್ವ. ಆಕಿಗೆ ಇನ್ನೊಂದು ರೊಟ್ಟಿ ಹಾಕು."

ಆ ಮಾತಿಗೇ ಹೊಟ್ಟೆ ತುಂಬಿತ್ತು. ಆದರೂ ಬೇಡವೆನ್ನಲಿಲ್ಲ.