ಮಂಗಳವಾರ, ಶನಿವಾರದ ಕಾರು

ಮೊನ್ನೆ ಬಿಡದಿ ಹತ್ತಿರದ ಸರ್ವೀಸ್ ಸೆಂಟರಿನಲ್ಲಿ ನಾನೂ ನಮ್ಮ ಯಜಮಾನರೂ ಕೂತಿದ್ದೆವು. ಹೊಸ ಕಾರಿಗೆ ಮೊದಲ ಸರ್ವೀಸು. ಗಾಜಿನ ಗೋಡೆಯ ಆಚೆ ಕಾರು, ಈಚೆ ಮೆತ್ತನೆಯ ಸೋಫಾದಲ್ಲಿ ನಾವು, ಕೈಯಲ್ಲಿ ಯಂತ್ರದಿಂದ ಇಳಿದ ಕಾಫಿ. ಅಲ್ಲಿನ ಹುಡುಗಿಯೊಬ್ಬಳು ಬಂದು, "ಮೇಡಂ, ನೀವು ಬಾನೆಟ್ ತೆಗೆಯೋ ಅಗತ್ಯಾನೇ ಇಲ್ಲ. ಏನಾದ್ರೂ ಬೇಕಾದ್ರೆ ಗಾಡೀನೇ ಸ್ಕ್ರೀನ್ ಮೇಲೆ ಹೇಳುತ್ತೆ" ಎಂದಳು. ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಯಾರೋ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಅವರ ಬೆನ್ನಿಗೇ ಒಂದು ವಾಸನೆಯೂ ಬಂತು. ಕಾದ ರಬ್ಬರು, ಅದರ ಜೊತೆಗೆ ಬೆಲ್ಲದ ಪಾಕ ತಳ ಹಿಡಿದಂಥ ಒಂದು ಸಿಹಿ ಕಮಟು. ಎಂಜಿನ್ನನ್ನು ತಣ್ಣಗಿಡುವ ಕೂಲೆಂಟ್ ಎಲ್ಲೋ ಸೋರಿ ಬಿಸಿ ಲೋಹದ ಮೇಲೆ ಬಿದ್ದಿತ್ತು. ಈ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ನಾನು ಕೈಯಲ್ಲಿದ್ದ ಕಾಫಿ ಕೆಳಗಿಟ್ಟೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಮಾಗಡಿಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ನಮ್ಮ ಯಜಮಾನರು ರಾಮನಗರದ ರೇಷ್ಮೆ ನೂಲಿನ ಕೆಲಸ ಬಿಟ್ಟು, ಬಿಡದಿ ಕಡೆ ಹೊಸದಾಗಿ ಎದ್ದ ಬಿಡಿಭಾಗದ ಕಾರ್ಖಾನೆ ಸೇರಿದ್ದರು. ಆಗ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದೇ. ಹಿಪ್ಪುನೇರಳೆ ತೋಟದ ಮಾತು ಹೋಗಿ ಪಾಳಿಯ ಮಾತು ಬಂದಿತ್ತು. "ನಿಮ್ಮೋರು ಫಸ್ಟ್ ಶಿಫ್ಟಾ, ಸೆಕೆಂಡ್ ಶಿಫ್ಟಾ?" ಎಂದು ಹೆಂಗಸರು ಹಾಲಿನ ಡೇರಿಯ ಮುಂದೆ ನಿಂತು ಕೇಳಿಕೊಳ್ಳುತ್ತಿದ್ದ ಕಾಲ. ಕಾರಿನ ಭಾಗ ಮಾಡುವವನ ಮನೆಯಲ್ಲಿ ಕಾರಿಲ್ಲದಿದ್ದರೆ ಹೇಗೆ ಎಂದು ನಾವು ಕೊಂಡದ್ದಲ್ಲ, ಅಷ್ಟು ಠೀವಿ ನಮಗಿರಲಿಲ್ಲ. ನಮ್ಮತ್ತೆಯ ಎರಡು ಮೂತ್ರಪಿಂಡವೂ ಕೈಕೊಟ್ಟವು. ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಲೇಬೇಕು ಎಂದರು ಡಾಕ್ಟರು. ಎರಡು ವಾರ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಅತ್ತೆ ಹಣ್ಣಾಗಿಬಿಟ್ಟರು. ಮೂರನೆಯ ವಾರ ನಮ್ಮ ಮನೆಯ ಮುಂದೆ ಒಂದು ಪುಟ್ಟ ಬಿಳಿ ಕಾರು ನಿಂತಿತು. ಅದಾಗಲೇ ಐವತ್ತೆಂಟು ಸಾವಿರ ಕಿಲೋಮೀಟರು ಓಡಿತ್ತು. ಎಡಗಡೆಯ ಹಿಂಬಾಗಿಲು ಒಳಗಿನಿಂದ ತೆಗೆದರೆ ಮಾತ್ರ ತೆರೆಯುತ್ತಿತ್ತು.

ಓಡಿಸುವವರು ಯಾರು? ಯಜಮಾನರದು ಪಾಳಿ ಕೆಲಸ, ರಜೆ ಕೇಳಿದರೆ ಸೂಪರ್‌ವೈಸರ್ ಮುಖ ಗಂಟಿಕ್ಕುತ್ತಾನೆ. ನಾನೇ ಕಲಿತೆ. ಕಲಿತೆ ಎನ್ನುವುದು ದೊಡ್ಡ ಮಾತು. ಕೆಂಪಾಪುರದ ರಸ್ತೆಯಲ್ಲಿ ಒಂದು ತಿಂಗಳು ಎಮ್ಮೆಗಳನ್ನೂ ಎತ್ತಿನ ಗಾಡಿಗಳನ್ನೂ ಹೆದರಿಸಿದೆ. ಪೈಥಾಗೊರಸನ ಪ್ರಮೇಯವನ್ನು ಕಣ್ಣುಮುಚ್ಚಿ ಸಾಧಿಸುತ್ತಿದ್ದ ನನಗೆ ಕ್ಲಚ್ಚು ಬಿಡುವುದನ್ನು ಸಾಧಿಸಲಾಗಲಿಲ್ಲ. ಕೊನೆಗೆ ಅದೂ ಬಂತು, ಅಲ್ಲಿಯವರೆಗೆ ಬಸ್ಸೇ ಗತಿಯಾಗಿತ್ತು. ಹೆಡ್ ಮಿಸ್ಸು ಒಳ್ಳೆಯವರು, ಮಂಗಳವಾರ ನನ್ನ ಪೀರಿಯಡ್ಡುಗಳನ್ನೆಲ್ಲ ಮಧ್ಯಾಹ್ನದೊಳಗೆ ಹಾಕಿಕೊಟ್ಟರು. ಶನಿವಾರ ಹೇಗೂ ಅರ್ಧ ದಿನ. ಹೀಗೆ ಮಂಗಳವಾರ, ಶನಿವಾರ ಊಟ ಮುಗಿಯುತ್ತಲೇ ನಾನೂ ಅತ್ತೆಯೂ ತಾವರೆಕೆರೆ ಮೇಲೆ ಬೆಂಗಳೂರಿಗೆ ಹೊರಡುತ್ತಿದ್ದೆವು.

ಅತ್ತೆಯ ತವರು ಸೋಲೂರು. ತೆಂಗು, ಹಸು, ಹೊಲ ಎಂದು ಬದುಕಿದ ಜೀವ. ನಾನು ಮದುವೆಯಾಗಿ ಬಂದ ದಿನದಿಂದ ನನ್ನನ್ನು "ಓದ್ದೋಳು" ಎಂದೇ ಕರೆಯುತ್ತಿದ್ದರು. ಅದರಲ್ಲಿ ಮೆಚ್ಚುಗೆ ಎಷ್ಟು, ಕುಟುಕು ಎಷ್ಟು ಎಂದು ಹನ್ನೆರಡು ವರ್ಷವಾದರೂ ನನಗೆ ಗೊತ್ತಾಗಿರಲಿಲ್ಲ. ಮನೆಯಲ್ಲಿ ನಮ್ಮಿಬ್ಬರ ಮಾತು ಉಪ್ಪು, ಹುಳಿ, ಹಾಲಿನವನು ಇಷ್ಟಕ್ಕೇ ಮುಗಿಯುತ್ತಿತ್ತು. ಕಾರಿನಲ್ಲಿ ಹಾಗಾಗಲಿಲ್ಲ. ಇಬ್ಬರೂ ಮುಂದೆ ನೋಡಿಕೊಂಡು ಕೂತಿರುತ್ತೇವಲ್ಲ, ಮುಖ ನೋಡುವ ಕಷ್ಟವಿಲ್ಲ. ಮಾತು ತಾನಾಗಿ ಬಂತು. ಯಾವ ಹಸು ಯಾವ ಕರು ಹಾಕಿತು ಎನ್ನುವುದರಿಂದ ಹಿಡಿದು, ಹದಿನಾಲ್ಕನೇ ವಯಸ್ಸಿಗೆ ಮದುವೆಯಾಗಿ ಬಂದಾಗ ಕೊಟ್ಟಿಗೆಯಲ್ಲಿ ಕೂತು ಅತ್ತದ್ದರವರೆಗೆ.

ಆ ಕಾರನ್ನು ನೋಡಿಕೊಂಡವರು ಪಕ್ಕದ ಕಲ್ಯ ಊರಿನ ಪುಟ್ಟಸ್ವಾಮಣ್ಣ. ಮೊದಲು ಹೊಲಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು, ಮಾಗಡಿಯ ಹೊರಗೆ ತಗಡಿನ ಶೆಡ್ಡು ಹಾಕಿಕೊಂಡು ಕಾರು ಮೆಕ್ಯಾನಿಕ್ಕಾಗಿದ್ದರು. ಬಾನೆಟ್ ಎತ್ತಿ ಕಿವಿ ಒಡ್ಡಿ, "ಒಸಿ ರೈಸ್ ಮಾಡಿ ಟೀಚರಮ್ಮ" ಎನ್ನುವರು. ಆಮೇಲೆ ಎಂಜಿನ್ನಿನ ಸದ್ದನ್ನೇ ಆಲಿಸುತ್ತಾ ನಿಲ್ಲುವರು. ಡಾಕ್ಟರ ಮುಂದೆ ಕೂತ ಹಾಗೆ ನಾನು ಸ್ಟೀರಿಂಗ್ ಹಿಡಿದು ಕಾಯುತ್ತಿದ್ದೆ. ಅವರು ನನಗೆ ಬೆಳಗಿನ ಒಂದು ಪಾಠ ಹೇಳಿಕೊಟ್ಟಿದ್ದರು. ಕಡ್ಡಿ ಎಳೆದು ಒರೆಸಿ ಎಂಜಿನ್ ಆಯಿಲ್ ನೋಡುವುದು, ರೇಡಿಯೇಟರಿನಲ್ಲಿ ಕೂಲೆಂಟ್ ಬೆರೆಸಿದ ನೀರು ನೋಡುವುದು, ಬ್ಯಾಟರಿಯ ತುದಿಗೆ ಕಟ್ಟಿದ ಬೂಷ್ಟನ್ನು ಬಿಸಿನೀರಲ್ಲಿ ತೊಳೆಯುವುದು. "ಹಳೇ ಗಾಡಿ ಕೆಡದು ಒಂದೇ ದಿನಕ್ಕಲ್ಲ ಟೀಚರಮ್ಮ. ದಿನಾ ಒಸೊಸಿ ಹೇಳ್ತಾ ಇರ್ತದೆ. ನಾವು ನಾಳೆ ನೋಡಣ ಅಂತೀವಿ, ಅಷ್ಟೇಯ" ಎನ್ನುತ್ತಿದ್ದರು. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಬಾನೆಟ್ಟಿಗೆ ಬಗ್ಗುವುದನ್ನು ನೋಡಲು ಎದುರು ಮನೆಯವರು ಕಾಫಿ ಲೋಟ ಹಿಡಿದು ಜಗಲಿಗೆ ಬರುತ್ತಿದ್ದರು. ನನಗೂ ಒಳಗೊಳಗೇ ಜಂಬ.

ಆ ಜಂಬವೇ ಕೆಲಸ ಕೆಡಿಸಿತು. ಮೂರನೆಯ ವರ್ಷ, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಕಾಲ. ಪುಟ್ಟಸ್ವಾಮಣ್ಣ ಹಿಂದಿನ ವಾರವೇ ಹೇಳಿದ್ದರು: "ನೀರಿನ ಪೈಪು ಹಳೇದಾಗಿ ಬಿರುಕು ಬುಟ್ಟೈತೆ. ಹೊಸದು ತರ್ಸಕ್ಕೆ ಹೇಳಿವ್ನಿ. ಅಲ್ಲೀಗಂಟ ದಿನಾ ನೀರು ನೋಡೋದ ಮಾತ್ರ ಮರೀಬೇಡಿ." ನಾನು ಮೂರು ದಿನ ನೋಡಲಿಲ್ಲ. ಉತ್ತರ ಪತ್ರಿಕೆಗಳ ಕಟ್ಟು ನೆಪ. ನಿಜ ಹೇಳಬೇಕೆಂದರೆ, ಎರಡು ವರ್ಷ ಒಂದು ದಿನವೂ ಕೈಕೊಡದ ಕಾರು ಮುಂದೆಯೂ ಕೊಡುವುದಿಲ್ಲ ಎನ್ನುವ ಧಿಮಾಕು. ಮಂಗಳವಾರ ಬೆಳಿಗ್ಗೆ ಪುಟ್ಟಸ್ವಾಮಣ್ಣ ಸ್ಕೂಲಿನ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ, "ನೀರು ನೋಡುದ್ರಾ ಟೀಚರಮ್ಮ?" ಎಂದು ಕೇಳಿದರು. "ನೋಡ್ದೆ" ಎಂದೆ. ಮಕ್ಕಳು ಹೋಂವರ್ಕ್ ಮಾಡಿದ್ದೇವೆ ಎನ್ನುತ್ತಾರಲ್ಲ, ಹಾಗೆ.

ಅವತ್ತು ತಿಪ್ಪಗೊಂಡನಹಳ್ಳಿ ದಾಟಿದ್ದೆವು. ಅತ್ತೆ ಮೂಗರಳಿಸಿ, "ಯಾರೋ ಪಾಕ ಹಿಡೀತಾವ್ರೆ ಕನವ್ವ, ಬೆಲ್ದ ವಾಸ್ನೆ" ಎಂದರು. ನಾನು ಮೀಟರು ನೋಡಿದೆ. ಬಿಸಿಯ ಮುಳ್ಳು ಕೆಂಪು ಗೆರೆ ದಾಟಿ ಮಲಗಿತ್ತು. ನಿಲ್ಲಿಸುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಬುಸುಗುಟ್ಟುತ್ತಿತ್ತು. ಗಾಬರಿಯಲ್ಲಿ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ. ಅತ್ತೆ ಅದು ಹೇಗೆ ಇಳಿದು ಬಂದರೋ, ನನ್ನ ಮಣಿಕಟ್ಟು ಹಿಡಿದು ಎಳೆದರು. "ಥೂ ಓದ್ದೋಳೆ! ನೀರು ಕುದಿಯೋ ಗುಂಡಾಲದ ಬಾಯಿ ತೆಗೀತಾರಾ ಯಾರಾದ್ರೂ? ಮಕ ಬೆಂದೋಯ್ತದೆ!"

ಹಬೆ ಇಳಿದ ಮೇಲೆ ಕೀಲಿ ತಿರುಗಿಸಿದರೆ ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ಅತ್ತೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಮೂರು ದಿನದ ನೀರು ಮೈಯಲ್ಲಿ ಹಾಗೇ ಇತ್ತು, ಕಾಲು ಬಾತಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಎರಡು ಬಸ್ಸು ತುಂಬಿಕೊಂಡು ನಿಲ್ಲದೆ ಹೋದವು. ಕೊನೆಗೆ ನಿಂತದ್ದು ಎರಡನೆಯ ಪಾಳಿಗೆ ಹೆಂಗಸರನ್ನು ಕರೆದೊಯ್ಯುತ್ತಿದ್ದ ಕಾರ್ಖಾನೆಯ ವ್ಯಾನು. ನೀಲಿ ಕೋಟು ತೊಟ್ಟ ಆ ಹೆಂಗಸರು ಒತ್ತರಿಸಿಕೊಂಡು ಒಂದು ಸೀಟು ಖಾಲಿ ಮಾಡಿದರು. ಒಬ್ಬಳು ಅತ್ತೆಯ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು, "ಕಣ್ಮುಚ್ಕೊಳಿ ಅಜ್ಜಿ, ಬಂದೇಬುಡ್ತು" ಎನ್ನುತ್ತಲೇ ಇದ್ದಳು. ಅವರ ಮೇಸ್ತ್ರಿ ಗೊಣಗಿದರೂ ಕೇಳದೆ ಆಸ್ಪತ್ರೆಯ ಬಾಗಿಲವರೆಗೂ ಬಿಟ್ಟು ಹೋದರು. ಅವರ ಹೆಸರು ಕೇಳಲೂ ನನಗೆ ತೋಚಲಿಲ್ಲ.

ನಮ್ಮ ಸರದಿ ದಾಟಿಹೋಗಿತ್ತು. ಮತ್ತೆ ಯಂತ್ರ ಸಿಗುವ ಹೊತ್ತಿಗೆ ಐದು ಗಂಟೆ. ಕಾದ ಆ ಎರಡು ಗಂಟೆ ಅತ್ತೆಯ ತುಟಿಯ ಬಣ್ಣ ನೋಡುತ್ತಾ ನಿಂತದ್ದನ್ನು ನಾನು ಇಲ್ಲಿ ಬರೆಯಲಾರೆ.

ಫೋನು ಹೋಗಿ, ಯಜಮಾನರು ಕಾರ್ಖಾನೆಯ ಬಟ್ಟೆಯಲ್ಲೇ ಓಡಿ ಬಂದರು. ಅತ್ತೆಯ ಕೈಗೆ ನಳಿಗೆ ಹಾಕಿತ್ತು, ರಕ್ತ ತಿರುಗುತ್ತಿತ್ತು, ಉಸಿರು ಹದಕ್ಕೆ ಬಂದಿತ್ತು. "ಏನಾಯ್ತು? ನೀರು ನೋಡಿರ್ಲಿಲ್ವಾ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು:

"ನಾನೇ ಕನಪ್ಪ. ಅವಳು ನೀರು ನೋಡ್ತೀನಿ ಅಂದ್ಲು. ಹೊತ್ತಾಯ್ತದೆ, ಏನೂ ಬ್ಯಾಡ ನಡಿಯವ್ವ ಅಂತ ನಾನೇ ಎಬ್ಬುಸ್ಕೊಂಡು ಹೊಂಟೆ."

ಯಜಮಾನರು ಸಿಡಿದರು. ಹೆದರಿಕೆಯೇ ಹಾಗೆ ಸಿಟ್ಟಾಗಿ ಬಂತೆಂದು ಈಗ ಅರ್ಥವಾಗುತ್ತದೆ. "ನಿಂದು ಯಾವಾಗ್ಲೂ ಇದೇ ಹಟ! ಒಬ್ರ ಮಾತು ಕೇಳೋಳಲ್ಲ. ನಿನ್ನಿಂದ ಇವತ್ತು ಇಬ್ರೂ ರೋಡಲ್ಲಿ ಸಾಯ್ತಿದ್ರಿ" ಎಂದು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗಿದರು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನಾನು ಫ್ಲಾಸ್ಕು ಹಿಡಿದುಕೊಂಡು ನಿಂತಿದ್ದೆ. ಅಷ್ಟೇ ಮಾಡಿದ್ದು. ನಿಂತಿದ್ದೆ.

ಮಾರನೆಯ ದಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಶೆಡ್ಡಿಗೆ ಎಳೆತಂದರು. ಪುಟ್ಟಸ್ವಾಮಣ್ಣ ಎಂಜಿನ್ನಿನ ಮೇಲ್ಭಾಗದ ಹೆಡ್ಡು ಬಿಚ್ಚಿ, ಅದರಡಿ ಸುಟ್ಟುಹೋಗಿದ್ದ ಗ್ಯಾಸ್ಕೆಟ್ ಪಟ್ಟಿಯನ್ನು ನನ್ನ ಮುಂದೆ ಹಿಡಿದರು. "ನೋಡ್ದೆ ಅಂದ್ರಲ್ಲ ಟೀಚರಮ್ಮ" ಎಂದರು, ಒಂದೇ ಸಲ. ನಾನು ಅತ್ತುಬಿಟ್ಟೆ. ಅವರು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಡೊಂಕಾಗಿದ್ದ ಹೆಡ್ಡನ್ನು ಲೇತಿನಲ್ಲಿ ಮಟ್ಟ ಮಾಡಿಸಿಕೊಂಡು ಬಂದರು. ಶುಕ್ರವಾರ ಸಂಜೆ ಎಲ್ಲ ಜೋಡಿಸಿದ ಮೇಲೆ ಹೊಸ ಪೈಪು ನನ್ನ ಕೈಗೆ ಕೊಟ್ಟರು. "ಇದ ಮಾತ್ರ ನೀವೇ ಹಾಕಿ. ಕ್ಲಿಪ್ಪು ಎಷ್ಟು ಬಿಗಿ ಅಂತ ನಿಮ್ಮ ಕೈಗೆ ಗೊತ್ತಾಗ್ಲಿ." ಹಾಕಿದೆ. ಶನಿವಾರ ಊಟ ಮುಗಿಸಿ ಎಂದಿನಂತೆ ಹೊರಟೆವು.

ದಾರಿಯಲ್ಲಿ ಅತ್ತೆಯನ್ನು ಕೇಳಿದೆ, "ಯಾಕತ್ತೆ ಹಂಗಂದ್ರಿ?"

"ಅವನು ನಂಗೆ ಬೈದ್ರೆ ಬೆಳಿಗ್ಗೆಗೆ ಮರ್ತೋಯ್ತದೆ, ನಾನು ಹೆತ್ತೋಳು. ನಿಂಗೆ ಬೈದ್ರೆ ನೀನು ಈ ಗಾಡಿ ಮುಟ್ಟಾಕಿಲ್ಲ. ಆಮ್ಯಾಕೆ ನನ್ನ ಯಾರವ್ವ ಕರ್ಕೊಂಡೋಯ್ತಾರೆ?" ಎಂದು ಹೇಳಿ ಕಿಟಕಿಯಾಚೆ ನೋಡಿದರು. ಅದು ಅಕ್ಕರೆಯೋ ಲೆಕ್ಕಾಚಾರವೋ ನನಗೆ ತಿಳಿಯಲಿಲ್ಲ. ಎರಡೂ ಇರಬಹುದು. ಆದರೆ ಅವತ್ತಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯತೊಡಗಿದರು.

ಆ ಕಾರಿನ ಕಿಲೋಮೀಟರ್ ಮೀಟರಿನಲ್ಲಿ ಅಂಕಿಗಳಿಗೆ ಐದೇ ಮನೆ. ಮರುವರ್ಷ ಒಂದು ಭಾನುವಾರ ಅತ್ತೆಯನ್ನು ತವರಿಗೆ ಕರೆದುಕೊಂಡು ಹೋಗುವಾಗ, ಸೋಲೂರು ಇನ್ನೂ ಎರಡು ಮೈಲಿ ಇದೆ ಎನ್ನುವಾಗ, ಐದು ಒಂಬತ್ತುಗಳೂ ಒಟ್ಟಿಗೆ ತಿರುಗಿ ಐದು ಸೊನ್ನೆಗಳಾದವು. ನಾನು ಗಾಡಿ ನಿಲ್ಲಿಸಿ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಂಗಾರೆ ಓಡಿದ್ದೆಲ್ಲಾ ಅಳಿಸೋಯ್ತಾ? ಅನ್ಯಾಯ ಕನವ್ವ. ಎಷ್ಟು ಕಷ್ಟಪಟ್ಟು ಓಡಿತ್ತು" ಎಂದರು. ಎರಡೂ ಕಡೆ ರಾಗಿ ತೆನೆಯೊಡೆದಿತ್ತು. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು ಮುಂದೆ ಹೋದೆವು.

ಅತ್ತೆ ಅದಾದ ಎಂಟು ತಿಂಗಳಿಗೆ ಹೋದರು, ಮನೆಯಲ್ಲೇ, ಒಂದು ಗುರುವಾರ ಬೆಳಿಗ್ಗೆ. ಅದಾದ ಮೇಲೂ ಎಷ್ಟೋ ಮಂಗಳವಾರ ಊಟವಾದ ಕೂಡಲೇ ನನ್ನ ಕೈ ಕೀಲಿಯನ್ನು ಹುಡುಕುತ್ತಿತ್ತು. ಕಾರು ಎರಡನೇ ಸುತ್ತಿನಲ್ಲೂ ಅರವತ್ತು ಸಾವಿರ ಓಡಿತು. ರಸ್ತೆ ಅಗಲ ಮಾಡುವಾಗ ಪುಟ್ಟಸ್ವಾಮಣ್ಣನ ಶೆಡ್ಡು ಹೋಯಿತು. ಅವರು ಕಲ್ಯದಲ್ಲಿ ಹಸು ಕಟ್ಟಿಕೊಂಡು ಇದ್ದುಬಿಟ್ಟರು. ಅವರಿಲ್ಲದೆ ಆ ಕಾರನ್ನು ಸಾಕುವ ಧೈರ್ಯ ನನಗೆ ಬರಲಿಲ್ಲ, ಚನ್ನಪಟ್ಟಣದ ಒಂದು ಡ್ರೈವಿಂಗ್ ಸ್ಕೂಲಿನವರಿಗೆ ಕೊಟ್ಟೆವು. ಒಮ್ಮೆ ಅಲ್ಲಿ ಅದನ್ನು ಕಂಡೆ. ನೆತ್ತಿಯ ಮೇಲೆ ಬೋರ್ಡು ಹೊತ್ತು, ಕ್ಲಚ್ಚು ಬಿಡಲು ಬಾರದ ಯಾರದೋ ಕಾಲಿನ ಕೆಳಗೆ ಕುಪ್ಪಳಿಸುತ್ತಾ ಹೋಗುತ್ತಿತ್ತು.

ಇಷ್ಟೆಲ್ಲ ಮೊನ್ನೆ ಆ ಮೆತ್ತನೆಯ ಸೋಫಾದಲ್ಲಿ ಕೂತಾಗ ಬಂದದ್ದು. ಪಕ್ಕದಲ್ಲಿ ಯಜಮಾನರು ಪೇಪರ್ ಓದುತ್ತಿದ್ದರು. ನಿವೃತ್ತಿಯಾದ ಮೇಲೆ ಅವರು ಎಲ್ಲವನ್ನೂ ನಿಧಾನವಾಗಿ ಓದುತ್ತಾರೆ.

"ರೀ, ಒಂದ್ಮಾತು" ಎಂದೆ. "ತಿಪ್ಪಗೊಂಡನಹಳ್ಳಿ ಹತ್ರ ಗಾಡಿ ಕೆಟ್ಟಿತ್ತಲ್ಲ. ಅವತ್ತು ಅತ್ತೆ ಅವಸರ ಮಾಡಿರ್ಲಿಲ್ಲ. ನಾನೇ ಮೂರು ದಿನದಿಂದ ನೀರು ನೋಡಿರ್ಲಿಲ್ಲ."

ಅವರು ಪೇಪರ್ ಮಡಿಸಿದರು. ಗಾಜಿನಾಚೆ ನಮ್ಮ ಕಾರನ್ನು ಎತ್ತರಕ್ಕೆ ಎತ್ತಿದ್ದರು, ಅದನ್ನೇ ನೋಡಿದರು. ಸಿಟ್ಟು ಬರುತ್ತದೆ ಎಂದು ನಾನು ಕಾದೆ. ಬರಲಿ ಎಂದೂ ಕಾದೆ.

"ಅಂಗಾದ್ರೆ ಅವ್ವನ್ನ ಸುಮ್ಸುಮ್ಕೆ ಬೈದ್ನಲ್ಲೇ ಅವತ್ತು" ಎಂದರು. ಧ್ವನಿ ಸಣ್ಣಗಾಗಿತ್ತು. "ಅಷ್ಟು ಜನರ ಮುಂದೆ."

"ತಪ್ಪು ನಂದು."

ಅವರು ನನ್ನ ಕಡೆ ತಿರುಗಿದರು.

"ನಾಲ್ಕು ವರ್ಷ ನೀವಿಬ್ರೇ ಹೋಗಿ ಬಂದ್ರಿ. ನಾನು ಶಿಫ್ಟು ಶಿಫ್ಟು ಅಂತ ಇದ್ದುಬುಟ್ಟೆ. ದಾರೀಲಿ ಅವ್ವ ಏನೇನು ಮಾತಾಡ್ತಿದ್ಲು ಅಂತ ಒಂದಿನಾನೂ ಕೇಳ್ಲಿಲ್ಲ ನೋಡು." ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಈಗ ಹೇಳು."

ಕಾರು ಸಿದ್ಧವಾಗಿದೆ ಎಂದು ಆ ಹುಡುಗಿ ಬಂದು ಕರೆದಳು. ಇನ್ನೊಂದು ಸ್ವಲ್ಪ ಹೊತ್ತು ಎಂದೆ. ಮೊದಲ ಮಂಗಳವಾರದಿಂದಲೇ ಶುರು ಮಾಡಿದೆ.